ಸದಸ್ಯರ ‘ಎಎ’ ಮಾರಾಟವಾದದ್ದು ಸರಿಯೇ? ಪರ-ವಿರೋಧ

ಪರ

ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ (ಎಎ) ಎಂಬ ಕಾರಿನವರ ಸಂಘ 1905ರಲ್ಲಿ ಹುಟ್ಟಿದ್ದು ಪೊಲೀಸರು ಎಲ್ಲಿ ಹೊಂಚುಹಾಕಿದ್ದಾರೆಂದು ಕಾರಿನವರಿಗೆ ಸುಳಿವು ಕೊಡಲು. ಅದಕ್ಕೆ ಸೈಕಲ್ ಸಾಕಿತ್ತು. ಇಂದು ಅದರ ಮುಖ್ಯ ಕೆಲಸ ರಸ್ತೆಯಲ್ಲಿ ಕೆಟ್ಟು ನಿಂತ ಸದಸ್ಯರ ಕಾರಿಗೆ ನೆರವಾಗುವುದು. ಅಲ್ಲಿಗೆ ಹೋಗುವವರಿಗೆ ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್, ಬ್ಯಾಟರಿ ಟೆಸ್ಟರ್, ವ್ಯಾನಿನಲ್ಲೇ ಹೊಸ ಬ್ಯಾಟರಿಗಳ ದಾಸ್ತಾನು ಬೇಕು. ಎಷ್ಟೋ ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ. ಎಲೆಕ್ಟ್ರಿಕ್ ಕಾರನ್ನಂತೂ ಚಾಲನೆಯ ಚಕ್ರ ನೆಲಕ್ಕೆ ತಾಗಿದಂತೆ ಎಳೆಯುವ ಹಾಗಿಲ್ಲ. ಮೋಟಾರು ಜನರೇಟರಿನಂತೆ ತಿರುಗಿ ವಿದ್ಯುತ್ ಹುಟ್ಟಿಸಿದರೆ ಇನ್ವರ್ಟರ್ ಹಾಳಾದೀತು. ಕಾರನ್ನು ಪೂರ್ತಿ ಮೇಲೇರಿಸಿ ಒಯ್ಯುವ ಫ್ಲಾಟ್‌ಬೆಡ್ ಲಾರಿಯೇ ಬರಬೇಕು. ಇದಕ್ಕೆಲ್ಲ ದೊಡ್ಡ ಬಂಡವಾಳ ಬೇಕು.

1999ರಲ್ಲಿ ಗ್ಯಾಸ್ ಕಂಪನಿ ಸೆಂಟ್ರಿಕಾ ಎಎಯನ್ನು 110 ಕೋಟಿ ಪೌಂಡಿಗೆ ಕೊಂಡಾಗ ಒಪ್ಪಿಗೆಯ ಮತ ಹಾಕಿದವರು ಸದಸ್ಯರೇ. ತಲಾ 200 ಪೌಂಡಿಗೂ ಹೆಚ್ಚು ಅವರ ಕೈಸೇರಿತು. ಸಂಘವಾಗಿಯೇ ಉಳಿದರೆ ಎಲ್ಲ ನೆಟ್ಟಗಿರುತ್ತದೆಂಬ ಖಾತರಿಯೂ ಇಲ್ಲ. ಜರ್ಮನಿಯ ಕಾರಿನವರ ಸಂಘ ಎಡಿಎಸಿ ಇಂದಿಗೂ ಸದಸ್ಯರದೇ. ಆದರೂ ತಾನು ಕೊಡುವ ಕಾರು ಪ್ರಶಸ್ತಿಗೆ ಬಿದ್ದ ಮತಗಳ ಲೆಕ್ಕವನ್ನು ಅದು ತಿರುಚಿದ್ದು 2014ರಲ್ಲಿ ಬಯಲಾಯಿತು.

ವಿರೋಧ

ಪೊಲೀಸರ ಸುಳಿವು ಕೊಡುವುದೇ ಅಪರಾಧವೆಂದು 1910ರಲ್ಲಿ ಕೋರ್ಟು ಹೇಳಿತು. ಎಎ ಹೊಸ ದಾರಿ ಹುಡುಕಿತು. ಬ್ಯಾಡ್ಜ್ ಇರುವ ಕಾರು ಕಂಡರೆ ರಸ್ತೆಯಲ್ಲಿ ಗಸ್ತು ತಿರುಗುವ ಎಎಯ ಗಸ್ತುಗಾರ ಸಲ್ಯೂಟ್ ಹೊಡೆಯಬೇಕು. ಹೊಡೆಯದಿದ್ದರೆ ಸದಸ್ಯ ಕಾರು ನಿಲ್ಲಿಸಿ ಕಾರಣ ಕೇಳಬೇಕು. ಮುಂದೆ ಪೊಲೀಸರಿದ್ದಾರೆ ಎಂದರ್ಥ! ಮಾರಾಟಕ್ಕಿಟ್ಟದ್ದು ಇಂಥ ನಂಬಿಕೆಯನ್ನು.

ಆಮೇಲಿನ ಲೆಕ್ಕ ನೋಡಿ. 2004ರಲ್ಲಿ ಹೂಡಿಕೆ ಸಂಸ್ಥೆಗಳಾದ ಸಿವಿಸಿ ಮತ್ತು ಪರ್ಮೀರಾ ಅದನ್ನು ಸೆಂಟ್ರಿಕಾದಿಂದ 175 ಕೋಟಿ ಪೌಂಡಿಗೆ ಕೊಂಡವು. ನಡುವಿನ ಐದು ವರ್ಷಗಳಲ್ಲಿ ಏರಿದ 65 ಕೋಟಿಯಲ್ಲಿ ಹಳೆಯ ಸದಸ್ಯರಿಗೆ ಬಿಡಿಗಾಸೂ ಇಲ್ಲ. 2014ರಲ್ಲಿ ಷೇರುಪೇಟೆಗೆ ಬಂದಾಗ ಷೇರಿಗೆ 250 ಪೆನ್ಸ್. 2021ರಲ್ಲಿ ಟವರ್‌ಬ್ರೂಕ್ ಮತ್ತು ವಾರ್ಬರ್ಗ್ ಪಿಂಕಸ್ ಎಂಬ ಹೂಡಿಕೆ ಸಂಸ್ಥೆಗಳು ಕೊಂಡಾಗ ಬರೀ 35. ಸಾಲ ಮಾತ್ರ 260 ಕೋಟಿ ಪೌಂಡಿಗೂ ಮೇಲಿತ್ತು, ಸದಸ್ಯರು ಕಟ್ಟುವ ಚಂದಾವನ್ನೇ ನೆಚ್ಚಿ ಎತ್ತಿದ ಸಾಲ.

ಇದರ ಬಿಸಿ ತಟ್ಟುವುದು ರಸ್ತೆಯಲ್ಲಿ. ಚಂದಾದಿಂದ ಮೊದಲು ಬಡ್ಡಿ ಹೋಗುತ್ತದೆ, ಉಳಿದದ್ದರಲ್ಲಿ ವ್ಯಾನು ಮತ್ತು ಜನ. ಕೊರೆಯುವ ಚಳಿಯ ಬೆಳಿಗ್ಗೆ ಬ್ಯಾಟರಿಗಳು ಸಾಲಾಗಿ ಕೈಕೊಟ್ಟಾಗ ಸ್ವಂತ ಗಸ್ತುಗಾರರು ಸಾಲದೆ ಹೊರಗಿನ ಗ್ಯಾರೇಜಿಗೆ ಕರೆ ಹೋಗುತ್ತದೆ. ಕೆಲಸಕ್ಕಿಷ್ಟು ಎಂದು ದುಡ್ಡು ಪಡೆಯುವ ಗುತ್ತಿಗೆದಾರನಿಗೆ ಅರ್ಧ ಗಂಟೆ ಕೂತು ಸಡಿಲವಾದ ಅರ್ತ್ ವೈರ್ ಹುಡುಕುವುದಕ್ಕಿಂತ ಕಾರನ್ನು ಲಾರಿಗೇರಿಸಿ ಕೊಂಡೊಯ್ಯುವುದೇ ಲಾಭ. 2018ರಲ್ಲಿ ಆಡಳಿತ ಇದನ್ನು ಸರಿಪಡಿಸಲೆಂದು ಲಾಭಾಂಶ ಕಡಿತ ಮಾಡಿ ಸೇವೆಗೆ ಹಣ ತೆಗೆದಿಟ್ಟಿತು. ಒಂದೇ ದಿನದಲ್ಲಿ ಷೇರು ಬೆಲೆ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು.