ಕೂಸನ್ನು ಕೂರಿಸಬೇಕೇ, ತಾನಾಗಿ ಕೂರಲಿ ಎಂದು ಕಾಯಬೇಕೇ?

ಪರ: ಅದರ ಪಾಡಿಗೆ ಬಿಡೋಣ

ಐದು ತಿಂಗಳು ತುಂಬುತ್ತಿದ್ದ ಹಾಗೆ ಮಗುವಿನ ಸುತ್ತ ದಿಂಬು ಜೋಡಿಸಿ ಕೂರಿಸುತ್ತೇವೆ, ಫೋಟೊ ತೆಗೆಯುತ್ತೇವೆ. ಆ ಮಗುವನ್ನು ಒಂದು ಸಲ ಸರಿಯಾಗಿ ನೋಡಿ. ಬೆನ್ನು ಗೂನಾಗಿದೆ. ಬೀಳುತ್ತೇನೋ ಎಂದು ಮೈಯೆಲ್ಲ ಬಿಗಿ ಹಿಡಿದಿದೆ. ಗಿಲಕಿ ಒಂದು ಗೇಣು ಆಚೆ ಉರುಳಿದರೂ ಹೋಗಿ ಹಿಡಿಯಲಾರದು. ಅಳುತ್ತದೆ. ನಾವು ಎತ್ತಿಕೊಡುತ್ತೇವೆ.

ಬುಡಾಪೆಸ್ಟ್‌ನ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ ಇದು ಬೇಡ ಎಂದರು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅವರು ಅಲ್ಲಿನ ಲೋತ್ಸಿ ಬೀದಿಯಲ್ಲಿ ಅನಾಥ ಕೂಸುಗಳಿಗೆ ಒಂದು ಮನೆ ತೆರೆದರು. ಮಗು ಇನ್ನೂ ತಾನಾಗಿ ಕೂರದಿದ್ದರೆ ಅಲ್ಲಿ ಯಾರೂ ಅದನ್ನು ಕೂರಿಸುತ್ತಿರಲಿಲ್ಲ. ಅಂಗಾತ ಮಲಗಿಸುತ್ತಿದ್ದರು, ಅಷ್ಟೇ. ಅದು ಮಗ್ಗುಲಾಗಿ, ಬೋರಲಾಗಿ, ತೆವಳಿ, ಒಂದು ದಿನ ತಾನೇ ಎದ್ದು ಕೂರುತ್ತಿತ್ತು. ಹಾಗೆ ಕೂತ ಮಗುವಿಗೆ ವಾಲಿದಾಗ ಕೈ ಊರುವುದು ಗೊತ್ತಿರುತ್ತದೆ. ಮತ್ತೆ ಮಲಗುವುದು ಹೇಗೆ ಎಂದೂ ಗೊತ್ತಿರುತ್ತದೆ.

ಬಿಡುವುದು ಅಂದರೆ ಮಗುವನ್ನು ಮರೆಯುವುದು ಅಂದುಕೊಳ್ಳಬೇಡಿ. ಲೋತ್ಸಿಯಲ್ಲಿ ಸ್ನಾನಕ್ಕೆ, ಬಟ್ಟೆ ಬದಲಿಸುವುದಕ್ಕೆ, ಉಣಿಸುವುದಕ್ಕೆ ಅವಸರ ಮಾಡುತ್ತಿರಲಿಲ್ಲ. ಅಂಗಿಯ ತೋಳು ಹಾಕುವ ಮೊದಲು ದಾದಿ ಮಗುವಿಗೆ ಹೇಳುತ್ತಿದ್ದಳು. ಅದು ಕೈ ಮುಂದೆ ಮಾಡಲಿ ಎಂದು ಕಾಯುತ್ತಿದ್ದಳು. ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಇದೇ. ಮಾತು ಬಾರದ ಕೂಸನ್ನೂ ಕೇಳಿ ಮುಟ್ಟುವುದು! ಇಷ್ಟು ಗಮನ ಸಿಕ್ಕ ಮಗು ಆಮೇಲೆ ನೆಲದ ಮೇಲೆ ತನ್ನಷ್ಟಕ್ಕೆ ಖುಷಿಯಾಗಿ ಆಡುತ್ತದೆ.

ಪಕ್ಕದ ಮನೆಯ ಮಗು ಆಗಲೇ ನಡೀತಿದೆ ಎಂಬ ಚಿಂತೆಯೇ? 2006ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ದೆಹಲಿಯ ಮಕ್ಕಳೂ ಇದ್ದರು. ಆರೋಗ್ಯವಾಗಿರುವ ಮಕ್ಕಳು ಯಾರ ಕೈಯನ್ನೂ ಹಿಡಿಯದೆ ನಡೆಯುವುದಕ್ಕೆ ಅದು ಕೊಡುವ ಅವಧಿ 8.2ರಿಂದ 17.6 ತಿಂಗಳು. ಎಷ್ಟು ಅಗಲ ಇದೆ, ಅಲ್ವಾ? ವಾಕರ್‌ಗಂತೂ ಸುಮ್ನೆ ದುಡ್ಡು ಹಾಕಬೇಡಿ. ಅದರಲ್ಲಿ ಕೂತ ಮಕ್ಕಳು ಮೆಟ್ಟಿಲಿನಿಂದ ಉರುಳಿ ಪೆಟ್ಟು ಮಾಡಿಕೊಳ್ಳುತ್ತಾರೆ ಎಂದು ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿತು.

ವಿರೋಧ: ದೊಡ್ಡವರ ಕೈ ಬೇಕು

ವಾಕರ್ ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ಅಜ್ಜಿಯ ಕೈಯನ್ನು ಮಾತ್ರ ಅದರ ಸಾಲಿಗೆ ಸೇರಿಸಬೇಡಿ.

ನಮ್ಮಲ್ಲಿ ಕೂಸಿಗೆ ಎಣ್ಣೆ-ನೀರು ಹಾಕುವುದನ್ನು ನೋಡಿದ್ದೀರಲ್ಲ. ಅಜ್ಜಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬೆನ್ನು ತೀಡುತ್ತಾಳೆ. ಮಗು ಕತ್ತೆತ್ತಿ ಅತ್ತಿತ್ತ ನೋಡುತ್ತದೆ. (ಜೋರಾಗಿ ಎಳೆಯುವುದು, ಮೂಗು ಒತ್ತುವುದು ಖಂಡಿತ ಬೇಡ.) ಪಿಕ್ಲರ್ ಹಾದಿಯಲ್ಲಿ ಮಗು ತಾನಾಗಿ ಬೋರಲಾಗುವವರೆಗೆ ಕಾಯಬೇಕು. ಆದರೆ ಅದೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬೇರೆ ಸಲಹೆ ಕೊಟ್ಟಿತು. ಇನ್ನೂ ತೆವಳದ ಕೂಸನ್ನು, ಎಚ್ಚರವಿದ್ದಾಗ, ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಬೇಕು ಎಂದಿತು. ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ತಾಯಂದಿರು ಇನ್ನೂ ಮುಂದೆ ಹೋಗುತ್ತಾರೆ. 1970ರ ದಶಕದಲ್ಲಿ ಚಾರ್ಲ್ಸ್ ಸೂಪರ್ ಎಂಬ ಸಂಶೋಧಕರು ಅವರನ್ನು ನೋಡಿ ಬರೆದರು. ಅವರು ನೆಲದಲ್ಲಿ ಸಣ್ಣ ಗುಂಡಿ ಮಾಡಿ, ಬೆನ್ನಿಗೆ ಆಸರೆ ಸಿಗುವ ಹಾಗೆ ಮಗುವನ್ನು ಕೂರಿಸುತ್ತಿದ್ದರು. ಕಂಕುಳಲ್ಲಿ ಹಿಡಿದು ಹೆಜ್ಜೆ ಹಾಕಿಸುತ್ತಿದ್ದರು. ಆ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಬೇಗ ಕೂತರು, ಬೇಗ ನಡೆದರು. ಕಲಿಸದೆ ಬಿಟ್ಟಿದ್ದ ತೆವಳುವುದರಲ್ಲಿ ಮಾತ್ರ ಮುಂದಿರಲಿಲ್ಲ. ಹಾಗಿದ್ದರೆ ಸಹಜ ಬೆಳವಣಿಗೆ ಯಾವುದು? ಕೂಸನ್ನು ಅಂಗಾತ ಮಲಗಿಸಿ ಬಿಡುವುದೂ ದೊಡ್ಡವರು ಮಾಡಿದ ಒಂದು ಆಯ್ಕೆಯೇ ತಾನೆ?

ಅಲ್ಲದೆ, ಬಿಡುವುದಕ್ಕೆ ನೆಲ ಬೇಕಲ್ಲ. ಒಂದೇ ಕೋಣೆಯ ಮನೆಯಲ್ಲಿ ಒಲೆಯೂ ಅಲ್ಲೇ, ಈಳಿಗೆಮಣೆಯೂ ಅಲ್ಲೇ. ಅಲ್ಲಿ ತಾಯಿಯ ಸೊಂಟವೇ ಮಗುವಿಗೆ ಜೋಪಾನದ ಜಾಗ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ನಮ್ಮ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ತುಂಬಾ ಒಳ್ಳೆಯ ಯೋಜನೆ. ಆದರೆ ಒಂದೊಂದು ಮಗುವೂ ಕೈ ಮುಂದೆ ಮಾಡುವವರೆಗೆ ಕಾಯಬೇಕಾದರೆ ನೋಡಿಕೊಳ್ಳುವವರು ಜಾಸ್ತಿ ಬೇಕು. ಅವರಿಗೆ ಸಂಬಳವೂ ಜಾಸ್ತಿ ಬೇಕು.

ನನಗೆ ಜಾಸ್ತಿ ಭಯವಿರುವುದು ಬೇರೆ ಕಡೆ. ಆಸರೆ ಇಲ್ಲದೆ ಕೂರುವುದಕ್ಕೆ ಆ 2006ರ ಅಧ್ಯಯನ ಕೊಡುವ ಕೊನೆಯ ಗಡಿ 9.2 ತಿಂಗಳು. ಅದು ದಾಟಿದ ಮೇಲೂ ‘ಅದಕ್ಕೆ ಮನಸ್ಸು ಬಂದಾಗ ಕೂರುತ್ತೆ ಬಿಡಿ’ ಎಂದು ಕಾಯುವ ಮನೆಗಳಿವೆ. ದಿನಾ ಮೈ ತೀಡುವವಳಿಗೆ ಒಂದು ಕಾಲು ಬಿಗಿ, ಇನ್ನೊಂದು ಸಡಿಲ ಇದ್ದರೆ ಕೈಗೇ ಗೊತ್ತಾಗುತ್ತದೆ. ಅವಳು ಹಾಗೆಂದ ದಿನವೇ ಮಗುವನ್ನು ಡಾಕ್ಟರಿಗೆ ತೋರಿಸಿ.