ಅಜ್ಜಿಯ ತವರನ್ನೂ ಬರೆದಿಡಿ

ನಾನಿರುವುದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಇಲ್ಲಿನ ಆಫ್ರಿಕನ್ ಅಮೆರಿಕನ್ ಕುಟುಂಬಗಳು ತಮ್ಮ ಹಿರಿಯರನ್ನು ಹುಡುಕುವ ರೀತಿ ನೋಡಿದ ಮೇಲೆ ನಮ್ಮ ವಂಶವೃಕ್ಷಗಳ ಬಗ್ಗೆ ನನಗೆ ಅಸಮಾಧಾನ ಜಾಸ್ತಿಯಾಗಿದೆ. ನಮ್ಮಲ್ಲಿ ಅದು ಬೇಕಾಗುವುದು ಯಾವಾಗ? ಫೌತಿ ಖಾತೆ ಮಾಡಿಸುವಾಗ, ಆಸ್ತಿ ಭಾಗ ಆಗುವಾಗ. ಅಪ್ಪ, ಅಜ್ಜ, ಮುತ್ತಜ್ಜ ಅಂತ ಒಂದೇ ಗೆರೆಯಲ್ಲಿ ಮೇಲೆ ಹೋಗಿ ನಿಂತುಬಿಡುತ್ತೇವೆ. ಅಜ್ಜಿಯ ತವರು ಯಾವುದು, ಅವಳ ಅಕ್ಕತಂಗಿಯರು ಯಾವ ಊರಿಗೆ ಹೋದರು ಅಂತ ಕೇಳಿದರೆ, ಅದೆಲ್ಲ ಈಗ ಯಾಕೆ ಅನ್ನುತ್ತಾರೆ.

ಇಲ್ಲಿ ಆ ಒಂದೇ ಗೆರೆ ಹಿಡಿದು ಹೋದರೆ 1870ಕ್ಕೆ ದಾರಿ ಮುಚ್ಚುತ್ತದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಬಹುಪಾಲು ಜನರ ಹೆಸರು ಅಮೆರಿಕದ ಜನಗಣತಿಯಲ್ಲಿ ಮೊದಲು ಬರುವುದೇ ಆ ವರ್ಷ. 1850 ಮತ್ತು 1860ರಲ್ಲಿ ಗುಲಾಮರದ್ದೇ ಬೇರೆ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರಿದೆ, ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಮೂವತ್ತು ವರ್ಷದ ಹೆಣ್ಣು, ಅದರ ಕೆಳಗೆ ಎಂಟು ವರ್ಷದ ಗಂಡು. ಅವರು ತಾಯಿ ಮಗನೋ ಅಲ್ಲವೋ, ಆ ಕಾಗದ ಹೇಳುವುದಿಲ್ಲ.

ಅದಕ್ಕೇ ಇವರು ಅಕ್ಕಪಕ್ಕ ನೋಡುತ್ತಾರೆ. 1870ರ ಪುಟದಲ್ಲಿ ಪಕ್ಕದ ಮನೆಯಲ್ಲಿ ಯಾರಿದ್ದರು, ಹತ್ತಿರದಲ್ಲಿ ಜಮೀನಿದ್ದ ಬಿಳಿಯರು ಯಾರು, ಮದುವೆಗೆ ಸಾಕ್ಷಿ ಹಾಕಿದ್ದು ಯಾರು, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಮನೆತನದ ಹೆಸರನ್ನು ನಂಬಿ ಕೂರುವ ಹಾಗಿಲ್ಲ, ಎಲ್ಲರೂ ಕೊನೆಯ ಒಡೆಯನ ಹೆಸರನ್ನೇ ಇಟ್ಟುಕೊಂಡಿರಲಿಲ್ಲ. ಒಡೆಯ ಯಾರು ಅಂತ ಗೊತ್ತಾದರೆ ಅವನ ಉಯಿಲು, ಅವನು ಸತ್ತಾಗ ಮಾಡಿದ ಆಸ್ತಿ ಪಟ್ಟಿ ಹುಡುಕುತ್ತಾರೆ. ಅಲ್ಲಿ ಹೆಸರು ಸಿಗುತ್ತದೆ. ಕುದುರೆ, ಹಸು, ನೇಗಿಲುಗಳ ಜೊತೆಯಲ್ಲಿ, ಎದುರಿಗೆ ಬೆಲೆ ಬರೆದು. ತಮ್ಮ ಮುತ್ತಜ್ಜಿಯ ಹೆಸರನ್ನು ಹಾಗೆ ಓದುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು, ಯೋಚನೆ ಮಾಡಿ.

ಬಿಡುಗಡೆಯ ನಂತರದ ದಾಖಲೆಗಳ ದನಿಯೇ ಬೇರೆ. 1866ರಲ್ಲಿ ವರ್ಜೀನಿಯಾ ಸರ್ಕಾರ, ಗುಲಾಮರಾಗಿದ್ದಾಗ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದವರನ್ನು ಗಂಡ ಹೆಂಡತಿ ಅಂತ ಕಾನೂನಿನಲ್ಲಿ ಒಪ್ಪಿತು. ಆಗ ಬರೆದ ಪುಸ್ತಕಗಳು ಕೆಲವೇ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ಭಾಗಗಳಲ್ಲಿ, ಉಳಿದಿವೆ. ಗಂಡನ ವಯಸ್ಸು, ಹುಟ್ಟೂರು, ಹಿಂದಿನ ಒಡೆಯ ಯಾರು ಅಂತ ಬರೆದಿದ್ದಾರೆ. ಹೆಂಡತಿಗೂ ಇದಿಷ್ಟನ್ನೂ ಬರೆದಿದ್ದಾರೆ! ಮಕ್ಕಳ ಹೆಸರು, ಜೊತೆಯಾಗಿ ಬಾಳಲು ಶುರು ಮಾಡಿದ್ದು ಯಾವಾಗ, ಎಲ್ಲವೂ ಇದೆ. ನಮ್ಮ ಮನೆತನದ ಎಷ್ಟು ಪಟ್ಟಿಗಳಲ್ಲಿ ಸೊಸೆಯರ ಹುಟ್ಟೂರಿಗೆ ಜಾಗ ಇದೆ?

ಬಿಡುಗಡೆಯಾದವರಿಗಾಗಿ 1865ರಲ್ಲಿ ತೆರೆದ ಫ್ರೀಡ್‌ಮನ್ಸ್ ಬ್ಯಾಂಕ್ 1874ರಲ್ಲಿ ಮುಳುಗಿ ಬಡವರ ದುಡ್ಡು ಹೋಯಿತು. ಆದರೆ ಖಾತೆ ತೆರೆದವರ ತಂದೆ ತಾಯಿ, ಅಣ್ಣತಮ್ಮ, ಅಕ್ಕತಂಗಿಯರ ಹೆಸರು ಅದರ ಪುಸ್ತಕಗಳಲ್ಲಿ ಉಳಿಯಿತು. ಇನ್ನು ನ್ಯೂ ಆರ್ಲಿಯನ್ಸ್‌ನ ಚರ್ಚ್ ಪತ್ರಿಕೆಯೊಂದರಲ್ಲಿ, ಮಾರಾಟವಾಗಿ ದೂರವಾದ ತಾಯಿಯನ್ನು, ತಮ್ಮನನ್ನು ಕೇಳಿಕೊಂಡು ಜನ ಪ್ರಕಟಣೆ ಹಾಕುತ್ತಿದ್ದರು. ಪಾದ್ರಿಗಳು ಅವನ್ನು ಚರ್ಚಿನಲ್ಲಿ ಓದಿ ಹೇಳಬೇಕು ಅಂತ ಪತ್ರಿಕೆಯೇ ಕೇಳಿಕೊಳ್ಳುತ್ತಿತ್ತು. ಬಿಡುಗಡೆಯಾಗಿ ಹತ್ತಾರು ವರ್ಷ ಕಳೆದರೂ ಅವರು ಹುಡುಕುವುದು ಬಿಟ್ಟಿರಲಿಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತ ಹೇಳುತ್ತಿಲ್ಲ. ಉತ್ತರ ಕರ್ನಾಟಕದ ಹೆಳವರು ಮನೆಮನೆಗೆ ಬಂದು ತಲೆಮಾರುಗಳ ಹೆಸರು ಹೇಳುವುದು ದೊಡ್ಡ ವಿದ್ಯೆ. ಅದನ್ನು ಉಳಿಸಿಕೊಳ್ಳಲೇಬೇಕು. ಆದರೆ ಅವರು ಹೇಳುವುದು ಕಾಳು ಬಟ್ಟೆ ಕೊಟ್ಟು ಕಳಿಸುವ ಮನೆತನಗಳ ಕಥೆ, ಅದೂ ಹೆಚ್ಚಾಗಿ ಗಂಡಸರ ಗೆರೆ. ಅದೇ ಹೊಲದಲ್ಲಿ ಜೀತಕ್ಕಿದ್ದವನ ವಂಶವನ್ನು ಯಾರು ಹೇಳಬೇಕು? ಜೀತ ರದ್ದು ಮಾಡುವ ಕಾನೂನು ಬಂದಿದ್ದು 1976ರಲ್ಲಿ. ಭೂಮಿಯೇ ಇಲ್ಲದವನ ಹೆಸರು ಪಹಣಿಯಲ್ಲಿ ಎಲ್ಲಿಂದ ಬರುತ್ತದೆ? ಯಲ್ಲಾಪುರ, ಹಳಿಯಾಳದ ಕಡೆ ಇರುವ ಸಿದ್ದಿಗಳನ್ನೇ ನೋಡಿ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರ ಮಕ್ಕಳು ಮೊಮ್ಮಕ್ಕಳು ಅವರಲ್ಲಿದ್ದಾರೆ. ಅವರೂ ನಮ್ಮ ಕನ್ನಡ ನಾಡಿನವರೇ ಅಲ್ವಾ? ಅವರ ಮುತ್ತಜ್ಜಿಯರ ಹೆಸರನ್ನು ನಾವು ಯಾರಾದರೂ ಕೇಳಿದ್ದೇವಾ?

ಇಂಥವರ ಹೆಸರು ಸಿಗುವುದು ಬೇರೆಯವರ ಕಾಗದದಲ್ಲಿ. ಮೇರಿಲ್ಯಾಂಡ್‌ನಲ್ಲಿ ಜೆಸ್ಯೂಟ್ ಅನ್ನುವ ಕ್ಯಾಥೊಲಿಕ್ ಪಂಗಡದ ಪಾದ್ರಿಗಳು 1838ರಲ್ಲಿ 272 ಜನರನ್ನು ಲೂಸಿಯಾನಾಕ್ಕೆ ಮಾರಿದರು. ಮಾರಿದವರೇ ಬರೆದ ಹೆಸರಿನ ಪಟ್ಟಿ ಉಳಿದಿತ್ತು, ಅದನ್ನು ಹಿಡಿದೇ ಇವತ್ತು ಸಾವಿರಾರು ವಂಶಸ್ಥರನ್ನು ಗುರುತಿಸಿದ್ದಾರೆ. ಹಾಗಾಗಿ ಜಮೀನಿದ್ದ ಮನೆಗಳಲ್ಲಿ ಹುಟ್ಟಿದವರಿಗೆ ನನ್ನದೊಂದು ವಿನಂತಿ. ಅಟ್ಟದ ಮೇಲೆ ಹಳೇ ಸಾಲಪತ್ರ, ಕೂಲಿಯ ಲೆಕ್ಕ, ಕಾಳು ಅಳೆದು ಕೊಟ್ಟ ಪುಸ್ತಕ ಇದ್ದರೆ ಸುಮ್ನೆ ಗುಜರಿಗೆ ಹಾಕಬೇಡಿ. ಪ್ರತಿ ಪುಟದ ಫೋಟೋ ತೆಗೆಯಿರಿ. ಅದರಲ್ಲಿರುವ ಆಳುಗಳ ಮೊಮ್ಮಕ್ಕಳು ಅದೇ ಊರಲ್ಲಿದ್ದರೆ ಕರೆದು ತೋರಿಸಿ, ಒಂದು ಪ್ರತಿ ಅವರ ಕೈಗೆ ಕೊಡಿ. ಆ ಪುಸ್ತಕದ ಮೇಲೆ ನಿಮಗಿಂತ ಅವರ ಹಕ್ಕು ದೊಡ್ಡದು.