ಬ್ಲ್ಯಾಕ್ ಬಾಸ್ ನಮ್ಮ ಕೆರೆಗಳಿಗೆ ಬೇಡ

ಉತ್ತರ ಅಮೆರಿಕ ಮೂಲದ ಸಿಹಿನೀರಿನ ಬೇಟೆಗಾರ ಮೀನುಗಳಾದ ಬ್ಲ್ಯಾಕ್ ಬಾಸ್ ಕುರಿತ ಲೇಖನವನ್ನು ಓದಿದೆ. ಈ ಜಾತಿಯ ಮೀನುಗಳು ಗಾಳ ಹಾಕುವವರನ್ನು ಏಕೆ ಸೆಳೆಯುತ್ತವೆ ಎಂಬ ಲೇಖಕರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಅವುಗಳನ್ನು ಬೆಂಗಳೂರಿನ ಸುತ್ತಲಿನ ಕೆರೆಗಳಲ್ಲೂ ಬಿಟ್ಟು ಬೆಳೆಸಬಹುದು ಎಂಬ ಸಲಹೆಯನ್ನು ಖಂಡಿತ ಒಪ್ಪಲಾರೆ. ಇವುಗಳಲ್ಲೊಂದಾದ ಲಾರ್ಜ್‌ಮೌತ್ ಬಾಸ್ ಜೊಂಡಿನ ಅಂಚಿನಲ್ಲಿ ಹೊಂಚು ಹಾಕಿ, ಕಣ್ಣಿನಿಂದಾಚೆಗೂ ಚಾಚಿದ ದವಡೆಯನ್ನು ತಟ್ಟನೆ ತೆರೆದು, ಬೇಟೆಯನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಗಾಳಕ್ಕೆ ಸಿಕ್ಕಾಗ ಮೇಲಕ್ಕೆ ಹಾರಿ ತಲೆ ಕೊಡವುವ ಅದರ ಸೊಗಸೂ ನಿಜವೇ. ಆದರೆ ಗಾಳಗಾರರು ಮೆಚ್ಚುವ ಆ ಹಸಿವೇ ಕೆರೆಯ ಸಣ್ಣ ಮೀನು, ಕಪ್ಪೆ, ಸೀಗಡಿಗಳ ಪಾಲಿಗೆ ಕಂಟಕ. ಗಂಡು ಮೀನು ಗೂಡನ್ನೂ ಮರಿಗಳನ್ನೂ ಕಾಯುವುದರಿಂದ ಸಂತತಿ ಹೊಸ ನೀರಿನಲ್ಲೂ ಬೇರೂರುತ್ತದೆ.

ಜಪಾನಿನ ಅನುಭವವನ್ನು ಲೇಖಕರು ಗಮನಿಸಬೇಕಿತ್ತು. 1925ರಲ್ಲಿ ಅಮೆರಿಕದಿಂದ ಆಶಿ ಸರೋವರಕ್ಕೆ ತಂದ ಈ ಮೀನು ಮುಂದೆ ದೇಶದ ಉದ್ದಗಲಕ್ಕೂ ಹರಡಿತು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1932ರಲ್ಲಿ ಹಿಡಿದ ಬಾಸ್‌ನ ತೂಕದ ವಿಶ್ವದಾಖಲೆಯನ್ನು ಸರಿಗಟ್ಟಿದ, 10 ಕಿಲೋಗೂ ತುಸು ಹೆಚ್ಚು ತೂಗಿದ ಬಾಸ್ 2009ರಲ್ಲಿ ಸಿಕ್ಕಿದ್ದು ಜಪಾನಿನದೇ ಬಿವಾ ಸರೋವರದಲ್ಲಿ. ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡಬಾರದೆಂದು ಸ್ಥಳೀಯ ಆಡಳಿತ ಕಟ್ಟಳೆ ಮಾಡಿರುವುದೂ ಅಲ್ಲಿಯೇ.

ನಮ್ಮ ಕೆರೆಗಳು ಈಗಾಗಲೇ ತಿಲಾಪಿಯಾ ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಹಾವಳಿಯಿಂದ ನಲುಗಿವೆ. ಹೆಸರಘಟ್ಟದಂಥ ಕೆರೆಗೆ ಬಿಟ್ಟ ಮೀನು ಅಲ್ಲಿಯೇ ಉಳಿಯುತ್ತದೆಂಬ ಖಾತರಿಯೂ ಇಲ್ಲ: ಕೋಡಿ ಹರಿದರೆ ಅರ್ಕಾವತಿ, ಸಂಗಮ ದಾಟಿದರೆ ಕಾವೇರಿ. ಅಲ್ಲಿನ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಮೀನು ಅಳಿವಿನಂಚಿನಲ್ಲಿರುವಾಗ, ಗಾಳದ ಹವ್ಯಾಸಕ್ಕಾಗಿ ಮತ್ತೊಂದು ಪರದೇಶಿ ಬೇಟೆಗಾರ ಮೀನನ್ನು ಕರೆತರುವ ಸಲಹೆಯನ್ನು ಲೇಖಕರು ಹಿಂತೆಗೆದುಕೊಳ್ಳಬೇಕೆಂದು ಕೋರುತ್ತೇನೆ.